ತುದಿ ಹುಡುಕುವ ಕೆಲಸ

ಭಾನುವಾರ ಹತ್ತು ಗಂಟೆಗೆ
ಸಮುದಾಯ ಭವನದ ಹಿಂದಿನ ಶೀಟಿನ ಕೋಣೆಯಲ್ಲಿ
ಚಾಪೆ ಹಾಸಿ ಕೂತು ಹನ್ನೊಂದು ಜನ
ಪಾಣಾತಿಪಾತಾ ಎನ್ನುತ್ತೇವೆ:
ಜೀವ ತೆಗೆಯುವುದರಿಂದ ದೂರವಿರುತ್ತೇನೆ.
ಆ ಸಾಲಿಗೆ ಬಂದಾಗ ನನ್ನ ದನಿ
ಸ್ವಲ್ಪ ತಗ್ಗುತ್ತದೆ.
ಪಕ್ಕದವರಿಗೆ ಕೇಳಿಸಿರಲಾರದು.

ಸೋಮವಾರ ಆರೂವರೆಗೆ
ಶಿಡ್ಲಘಟ್ಟದ ಫಿಲೇಚರಿನಲ್ಲಿ
ಕುದಿನೀರಿಗೆ ಗೂಡು ಸುರಿಯುತ್ತೇನೆ.
ಕಿಲೋಗೆ ಆರುನೂರು ಚಿಲ್ಲರೆ ಹುಳ.
ಲೆಕ್ಕ ಕೇಳಬೇಡಿ, ನಾನೇ ಹಾಕಿದ್ದೇನೆ,
ದಿನಕ್ಕೆ, ತಿಂಗಳಿಗೆ, ಹದಿನೇಳು ವರ್ಷಕ್ಕೆ,
ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ.
ಸೊನ್ನೆಗಳು ಅಂಚಿನ ಕೆಂಪು ಗೆರೆ ದಾಟಿದವು.

ಕೇಳಿದೆ ಒಮ್ಮೆ.
ನಮಗೆ ಉಸಿರು ನೋಡುವುದ ಕಲಿಸುವ ಪಿಳ್ಳಪ್ಪನವರು
ಮೂವತ್ತು ವರ್ಷ ಟಪಾಲು ಹಂಚಿದವರು.
"ಸಾರ್, ನನ್ನ ಕೆಲಸಕ್ಕೆ ಏನು ಹೇಳ್ತೀರ?"
ಕಣ್ಣು ಮುಚ್ಚಿದರು. ಫ್ಯಾನು ಕಿರುಗುಟ್ಟುತ್ತಿತ್ತು.
ಕರ್ಮ, ಗಿರ್ಮ ಏನೋ ಬರುತ್ತದೆಂದು ಕಾದೆ.
"ಗೊತ್ತಿಲ್ಲಮ್ಮ" ಅಂದರು. ತುಸು ಹೊತ್ತಿಗೆ
"ನನ್ನ ಮದುವೆ ಪಂಚೆ ರೇಷ್ಮೆಯದು" ಅಂದರು.
ನನ್ನ ಪ್ರಶ್ನೆಯ ಪಕ್ಕ ಇಷ್ಟು ಹತ್ತಿರ
ಬೇರೆ ಯಾರೂ ಬಂದು ಕೂತಿರಲಿಲ್ಲ.

ಎದ್ದು ಹೊರಡುವಾಗ ಅವರು ಕೇಳಿದ್ದು:
"ಕೈ ಕೆಲಸ ಮಾಡುವಾಗ ನೀನು ಎಲ್ಲಿರ್ತೀಯ?"

ಎಲ್ಲಿರುತ್ತೇನೆ?
ಸಂಘದ ವಾರದ ಕಂತಿನಲ್ಲಿ,
ಚಿಂತಾಮಣಿಯ ಕಾಲೇಜು ಫೀಸಿನಲ್ಲಿ,
ಹೋದ ಯುಗಾದಿಗೆ ನಾದಿನಿ ಆಡಿದ ಮಾತಿನಲ್ಲಿ,
ಇಯರ್‌ಫೋನಿನ ಧಾರಾವಾಹಿಯಲ್ಲಿ.
ಕೈ ಮಾತ್ರ ಬಿಸಿನೀರಿನಲ್ಲಿ.

ಅವತ್ತಿಂದ ಇಯರ್‌ಫೋನು ಬ್ಯಾಗಿನಲ್ಲಿದೆ,
ಸುಮ್ಮನೆ ನೋಡೋಣ ಅಂತ.
ಗೂಡು ಮೆತ್ತಗಾಗುತ್ತದೆ. ಬ್ರಶ್ಶಿಗೆ ಮೊದಲು ಬರೀ ಜಾಳು, ಸಿಕ್ಕು.
ಎಳೆಯುತ್ತ ಎಳೆಯುತ್ತ
ಒಂದೇ ಒಂದು ಎಳೆ, ಕೂದಲಿಗಿಂತ ತೆಳು,
ಬೆಳಕಿಗೆ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.
ಅದೇ ತುದಿ.
ಹುಳ ಮೂರು ದಿನ ತಲೆಯಾಡಿಸಿ
ಬಾಯಿಂದ ಕಟ್ಟಿಕೊಂಡ ಮನೆಗೆ ಅದೊಂದೇ ಬಾಗಿಲು.
ಎಂಟು ಗೂಡಿನ ಎಳೆ ಸೇರಿ ಒಂದು ದಾರ.
ಮನಸ್ಸು ಅತ್ತ ಹೋದರೆ ಕಡಿಯುತ್ತದೆ,
ಕಡಿದರೆ ಹಲ್ಲು ಕಚ್ಚಿ ಮತ್ತೆ ಹುಡುಕು.
ಕಚ್ಚದೆಯೂ ಹುಡುಕಬಹುದು ಎಂದು ತಿಳಿಯಲು
ನನಗೆ ಒಂದು ಮಳೆಗಾಲ ಹಿಡಿಯಿತು.

ಎಳೆ ಮುಗಿದಾಗ ಹುಳ ಕಾಣುತ್ತದೆ.
ಕಂದು ಬಣ್ಣ, ಕಿರುಬೆರಳ ತುದಿಯಷ್ಟು,
ಕಣ್ಣಿನ ಜಾಗದಲ್ಲಿ ಎರಡು ಚುಕ್ಕೆ.
ಮೊದಲು ಬಕೆಟ್ಟಿಗೆ ತಳ್ಳುತ್ತಿದ್ದೆ, ಈಗಲೂ ತಳ್ಳುತ್ತೇನೆ,
ಮೀನಿನ ಕೆರೆಯವನು ಬಂದು ಒಯ್ಯುತ್ತಾನೆ.
ನೋಡಿ ತಳ್ಳುತ್ತೇನೆ, ಅಷ್ಟೇ.
ನೋಡಿದ್ದರಿಂದ ಅದಕ್ಕೇನು ಸಿಕ್ಕಿತಮ್ಮ
ಎಂದು ಮಗಳು ಕೇಳುತ್ತಾಳೆ. ಸರಿಯಾಗೇ ಕೇಳುತ್ತಾಳೆ.

ಮೊನ್ನೆ ಹೊಸ ಹುಡುಗಿ ಬಂದಳು, ಮುಬೀನ್ ತಾಜ್.
ಹತ್ತೊಂಬತ್ತು ಇರಬೇಕು. ಮೂರನೇ ಬೇಸಿನ್ನು.
ಮಧ್ಯಾಹ್ನಕ್ಕೆ ಬೆರಳೆಲ್ಲ ಬೆಂದು ಬಿಳಿಚಿ,
ತುದಿ ಸಿಗದೆ, ಮಾಲೀಕನ ಕಡೆ ಕಳ್ಳನೋಟ.
ಕಲೀಲಿ, ನಾನು ಕಲೀಲಿಲ್ವ,
ನನ್ನ ಹತ್ತಿರ ಯಾರು ಬಂದಿದ್ದರು,
ಎಂದು ಎದೆಯಲ್ಲಿ ಹಳೇ ಉರಿ ಎದ್ದಿತು.
ಎದ್ದದ್ದನ್ನು ನೋಡಿದೆ.
ಒಂದು ಉಸಿರು ಒಳಗೆ: ಹಬೆ, ಬೆಂದ ಹುಳದ ವಾಸನೆ.
ಒಂದು ಉಸಿರು ಹೊರಗೆ.
ನನ್ನ ರಾಟೆ ನಿಲ್ಲಿಸಿ ಅವಳ ಪಕ್ಕ
ತಣ್ಣೀರಿನ ಮಗ್ಗು ಇಟ್ಟೆ.
"ಅದರಲ್ಲೊಂದು ಸಲ, ಇದರಲ್ಲೊಂದು ಸಲ ಅದ್ದು ಕಣೇ.
ಹೆದರಿದ ಕೈಗೆ ತುದಿ ಸಿಗಲ್ಲ."
ಕಾಲು ಗಂಟೆ. ಕಾಲು ಗಂಟೆಯ ಕೂಲಿ ಹೋಯಿತು,
ಅದೂ ನೆನಪಿದೆ, ಸುಳ್ಳೇಕೆ.
ಊಟಕ್ಕೆ ಅವಳು ತನ್ನ ಡಬ್ಬಿಯಿಂದ
ಅರ್ಧ ಮೊಟ್ಟೆ ಕೊಟ್ಟಳು. ತಿಂದೆ.

ಇವತ್ತು ಶನಿವಾರ. ಗೂಡಿನ ರೇಟು ಏರಿದೆಯಂತೆ.
ನಾಳೆ ಚಾಪೆಯ ಮೇಲೆ ಮತ್ತೆ ಆ ಸಾಲು ಬರುತ್ತದೆ.
ದನಿ ತಗ್ಗಿದರೆ
ತಗ್ಗಿದ್ದು ನನಗಾದರೂ ಕೇಳಿಸಲಿ.